‘ಫಸ್ಟ್ ಮೂವರ್’ಗೆ ಏನನ್ನೋಣ? ಅವರ ಹಿಂದೆಯೇ ಬಂದವರಿಗೆ?

ಎಲ್ಲರಿಗೂ ನಮಸ್ಕಾರ.

ಒಂದು ತರಬೇತಿ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಚೇರಿಯಲ್ಲಿ ಹೊಸ ಪದ್ಧತಿ ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುತ್ತದೆ ಅನ್ನುವುದು ವಿಷಯ. ‘ಫಸ್ಟ್ ಮೂವರ್’ ಅನ್ನುವ ಮಾತು ಪುಟಪುಟಕ್ಕೂ ಬರುತ್ತದೆ. ಯಾರೂ ಕೈ ಹಾಕದಿದ್ದಾಗ ತಾವೇ ಶುರು ಮಾಡುವವರು ಎಂದು ಅರ್ಥ. ಮಾರುಕಟ್ಟೆಗೆ ಮೊದಲು ಇಳಿದ ಕಂಪನಿಗೂ ಹೀಗೇ ಅನ್ನುತ್ತಾರೆ, ಅದು ಇಲ್ಲಿ ಬೇಡ.

‘ಪ್ರವರ್ತಕ’ ಅಂದರೆ ಪತ್ರಿಕೆ ಓದುವವರಿಗೆ ಕಂಪನಿಯ ಪ್ರಮೋಟರ್ ನೆನಪಾಗುತ್ತಾರೆ. ‘ಮುಂದಾಳು’ ಅಂದರೆ ನಾಯಕ. ನಮ್ಮವರು ಮೂಲೆ ಮೇಜಿನ ಗುಮಾಸ್ತರೂ ಆಗಿರಬಹುದು. ‘ಹರಿಕಾರ’ ಪಾರಸಿಯಿಂದ ಬಂದ ಪದ, ಮೊದಲು ಸುದ್ದಿ ಹೊತ್ತು ಓಡುವವನಿಗೆ ಹೇಳುತ್ತಿದ್ದದ್ದು. ಈಗ ‘ಕ್ರಾಂತಿಯ ಹರಿಕಾರ’ ಎಂದು ಬರೆದೂ ಬರೆದೂ ಆ ಪದಕ್ಕೇ ಶಾಲು ಹೊದಿಸಿಬಿಟ್ಟಿದ್ದೇವೆ. ‘ಮೇಲ್ಪಂಕ್ತಿ ಹಾಕಿದವರು’ ನನಗೆ ಇಷ್ಟ. ಆದರೆ ಅದರಲ್ಲಿ ‘ನನ್ನನ್ನು ನೋಡಿ ಕಲಿಯಿರಿ’ ಅನ್ನುವ ಧಾಟಿ ಇದೆ. ಸದ್ಯಕ್ಕೆ ‘ಮೊದಲಿಗರು’ ಎಂದು ಬರೆಯುತ್ತಿದ್ದೇನೆ.

ನಿಜವಾದ ತೊಡಕು ಮುಂದಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಒಂದು ಲೆಕ್ಕ ಕೊಟ್ಟರು. ಅವರು ಹೇಳಿದ್ದು ಬೀದಿ ಗಲಭೆಯ ಉದಾಹರಣೆ, ಕಚೇರಿಗೂ ಒಪ್ಪುತ್ತದೆ. 100 ಜನ ಇದ್ದಾರೆ. ಒಬ್ಬ ಯಾರಿಗೂ ಕಾಯುವುದಿಲ್ಲ. ಇನ್ನೊಬ್ಬನಿಗೆ ಒಬ್ಬರು ಇಳಿದಿದ್ದರೆ ಸಾಕು, ಮತ್ತೊಬ್ಬನಿಗೆ ಇಬ್ಬರು, ಹೀಗೇ ಕೊನೆಯವನಿಗೆ 99 ಜನ. ಒಬ್ಬರ ಹಿಂದೆ ಒಬ್ಬರಂತೆ ನೂರೂ ಜನ ಇಳಿಯುತ್ತಾರೆ. ಈಗ ‘ಒಬ್ಬರು ಸಾಕು’ ಅನ್ನುವವನ ಜಾಗದಲ್ಲಿ ‘ಇಬ್ಬರು ಬೇಕು’ ಅನ್ನುವವನನ್ನು ಇಡಿ. ಅಷ್ಟೇ, ಮೊದಲಿಗ ಒಂಟಿ. ಉಳಿದ 99 ಜನ ಅಲ್ಲಾಡುವುದಿಲ್ಲ.

ಎಷ್ಟು ಜನ ಇಳಿದ ಮೇಲೆ ತಾನೂ ಇಳಿಯುತ್ತಾನೆ ಅನ್ನುವ ಈ ಸಂಖ್ಯೆಗೆ ಇಂಗ್ಲಿಷಿನಲ್ಲಿ ‘ಥ್ರೆಶೋಲ್ಡ್’ ಅನ್ನುತ್ತಾರೆ. ಅದಕ್ಕೆ ‘ಹೊಸ್ತಿಲು’ ಎಂದೇ ಇಟ್ಟಿದ್ದೇನೆ. ‘ಅವರ ಹೊಸ್ತಿಲು ಎತ್ತರ’ ಅಂದರೆ ಬೇಗ ದಾಟುವವರಲ್ಲ. ‘ಮಿತಿ’ಗಿಂತ ವಾಸಿ, ಅಲ್ವಾ?

ಆದರೆ ಆ ಎರಡನೆಯವರಿಗೆ ಏನನ್ನುವುದು? ನಾನು ಮೊದಲಿದ್ದ ಕಚೇರಿಯಲ್ಲಿ ರಿಜಿಸ್ಟರ್ ಬಿಟ್ಟು ಕಂಪ್ಯೂಟರಿಗೆ ಬಂದವರು ಒಬ್ಬರೇ. ತಿಂಗಳುಗಟ್ಟಲೆ ಎಲ್ಲರೂ ನಕ್ಕರು. ಪಕ್ಕದ ಮೇಜಿನವರು ಕಲಿತ ಮೇಲೆ ನಗು ನಿಂತಿತು. ಅವರನ್ನು ‘ಹಿಂಬಾಲಕ’ ಅಂದರೆ ಬೈದಂತೆ. ‘ಬೆಂಬಲಿಗ’ ಕೂತಲ್ಲೇ ಚಪ್ಪಾಳೆ ತಟ್ಟಬಹುದು. ‘ಜೊತೆಗಾರ’ ಅಂದರೆ ಯಾರು ಮೊದಲು ಯಾರು ಆಮೇಲೆ ಅನ್ನುವುದು ತಿಳಿಯದು. ‘ಕೈಜೋಡಿಸಿದವರು’ ಹತ್ತಿರ ಬರುತ್ತದೆ, ಆದರೆ ಉದ್ದ ಜಾಸ್ತಿ.

ಸೋಬಾನೆಯಲ್ಲಿ ಒಬ್ಬರು ಸೊಲ್ಲೆತ್ತಿದ ಕೂಡಲೇ ದನಿಗೂಡಿಸುವವರಿಗೆ ನಿಮ್ಮ ಕಡೆ ಏನಂತಾರೆ? ಅಂಥ ಪದವೇನಾದರೂ ಇದ್ದರೆ ದಯವಿಟ್ಟು ಬರೆಯಿರಿ.