ಅಪ್‌ಡೇಟ್: ಒಂದೇ ಸಂಜೆ ಕೊಳಲು, ಜಾನಪದ, ರಾಕ್, ಸೌಂಡ್ ಗೋಳು ಮುಗಿಯಿತು

ನಮ್ಮ ಸಂಗೀತ ಸರಣಿಯಲ್ಲಿ ತಂಡ ಬದಲಾಗುವಷ್ಟರಲ್ಲಿ ಜನ ಎದ್ದು ಹೋಗುತ್ತಾರೆ, ಕೊಳಲಿನ ಮೈಕ್ ಬೇರೆ ಕುಯ್ಯೋ ಅನ್ನುತ್ತದೆ, ಏನು ಮಾಡೋದು ಅಂತ ಕೇಳಿದ್ದೆ ಅಲ್ವಾ? ಈ ಸಲ ಸಲೀಸಾಗಿ ನಡೆಯಿತು.

ಕೈ ಹಿಡಿದದ್ದು 'ಸೌಂಡ್ ಚೆಕ್ (ಕಾರ್ಯಕ್ರಮಕ್ಕೆ ಮುಂಚೆ ಮೈಕ್, ಸದ್ದು ಸರಿಹೊಂದಿಸೋದು) ಉಲ್ಟಾ ಮಾಡಿ' ಅನ್ನೋ ಸಲಹೆ. ಕೊನೆಗೆ ನುಡಿಸುವ ರಾಕ್ ತಂಡದ್ದು ಮೊದಲು, ಶುರು ಮಾಡುವ ಕೊಳಲಿನದ್ದು ಕೊನೆಗೆ. ಕೊಳಲಿನ ಮೈಕ್ ಇದ್ದಲ್ಲೇ ಉಳಿಯಿತು, ಡ್ರಮ್ಸ್ ಹಿಂದೆ ಸಿದ್ಧವಾಗಿಯೇ ಇತ್ತು.

ಈಕ್ವಲೈಸರ್‌ನಲ್ಲಿ ಕೂಗುವ ಸ್ವರಮಟ್ಟವನ್ನಷ್ಟೇ ಇಳಿಸೋದು ಜಾಸ್ತಿ ಉಪಯೋಗಕ್ಕೆ ಬರಲಿಲ್ಲ, ಕೊಳಲೇ ಮಂಕಾಯಿತು. ಮಾನಿಟರ್ ಸ್ಪೀಕರನ್ನು (ಕಲಾವಿದರಿಗೆ ತಮ್ಮ ಸದ್ದು ಕೇಳಿಸಲು ವೇದಿಕೆ ಮೇಲಿಡುವುದು) ಮೈಕಿನ ಬೆನ್ನ ಕಡೆಗೆ ಸರಿಸಿದ ಮೇಲೆ ಕೂಗು ನಿಂತಿತು. ಮುಖ್ಯವಾಗಿ ಮುಂದಿನ ಸದ್ದನ್ನೇ ಹಿಡಿಯುವ ಇಂಥ ಕಾರ್ಡಿಯಾಯ್ಡ್ ಮೈಕಿಗೆ ಹಿಂದಿನ ಸದ್ದು ತುಂಬಾ ಕಮ್ಮಿ ಕೇಳುತ್ತದಂತೆ.

ನನಗೆ ಗೊತ್ತೇ ಇಲ್ಲದ ಸಂಗತಿ: ಯಾರೂ ಮುಟ್ಟದಿದ್ದರೂ ಕೊಳಲಿನ ಕೆಲವು ಸ್ವರಗಳಿಗೆ ಸ್ನೇರ್ ಡ್ರಮ್ (ಅಡಿಯಲ್ಲಿ ತಂತಿಗಳಿರುವ ಡ್ರಮ್) ಝರ್ ಅನ್ನುತ್ತಿತ್ತು! ಅಡಿಯ ತಂತಿಗಳನ್ನು ಸಡಿಲಿಸುವ ಸಣ್ಣ ಲಿವರ್ ಪಕ್ಕದಲ್ಲೇ ಇರುತ್ತದೆ, ಮರೀದೆ ಇಳಿಸಿಡಿ.