29ನೇ ವಾರ: ಸೊಂಟನೋವಿಗೆ ಮನೇಲಿರೋ ಮಾತ್ರೆ, ಜೆಲ್ ಆಗುತ್ತಾ?

ತುಂಗಾತೀರ:
ಹೆಂಡತಿ ಗರ್ಭಿಣಿ, ಈಗ 29 ವಾರ. ಸಂಜೆಯಾದರೆ ಸೊಂಟ ಹಿಡ್ಕೊಳ್ಳುತ್ತೆ, ಆಗಾಗ ತಲೆನೋವು. ಮನೇಲಿ ಡೋಲೊ 650 (ಪ್ಯಾರಾಸಿಟಮಾಲ್) ಇದೆ. ಇನ್ನೊಂದು ಸ್ಟ್ರಿಪ್ ಹಿಂದೆ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325 ಅಂತಿದೆ. ಡೈಕ್ಲೋಫೆನಾಕ್ ಜೆಲ್ಲೂ ಇದೆ. ಯಾವುದು ಆಗುತ್ತೆ? ಡಾಕ್ಟರು ರಾತ್ರಿಗೆ ಎಕೋಸ್ಪ್ರಿನ್ 75 ಬರೆದಿದ್ದಾರೆ, ಅದೂ ಆಸ್ಪಿರಿನ್ನೇ ಅಂತೆ. ನಿಲ್ಲಿಸಬೇಕಾ?

ಮದ್ದಿನಡಬ್ಬಿ:
ಎರಡನೇ ಸ್ಟ್ರಿಪ್ ಬೇಡವೇ ಬೇಡ. ಪ್ಯಾರಾಸಿಟಮಾಲ್ ಸೇರಿದೆ ಅಂತ ಅದು ಸೌಮ್ಯ ಆಗಲ್ಲ, ತಕರಾರು ಐಬುಪ್ರೊಫೆನ್‌ದು. 20 ವಾರ ದಾಟಿದ ಮೇಲೆ ಈ ಗುಂಪಿನ ಮಾತ್ರೆಗಳು ಮಗುವಿನ ಕಿಡ್ನಿ ಕೆಲಸ ತಗ್ಗಿಸಬಹುದು. ಆ ಹೊತ್ತಿಗೆ ಗರ್ಭದ ನೀರು ಬಹುಪಾಲು ಮಗುವಿನ ಮೂತ್ರವೇ, ಹಾಗಾಗಿ ನೀರು ಇಳಿಯುತ್ತೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಸಿದ್ದು ಇದನ್ನೇ. 30 ವಾರದ ಸುಮಾರಿಗೆ ಇನ್ನೊಂದು: ಹುಟ್ಟಿದ ಮೇಲೆ ಮುಚ್ಚಬೇಕಾದ, ಹೃದಯದ ಪಕ್ಕದ ರಕ್ತನಾಳ ಹೊಟ್ಟೆಯೊಳಗೇ ಕಿರಿದಾಗಬಹುದು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನಿಮೆಸುಲೈಡ್, ಮೆಫೆನಾಮಿಕ್ ಆಸಿಡ್ ಎಲ್ಲ ಒಂದೇ ಬಳಗ.

ಡೋಲೊ ಆಗುತ್ತೆ. ಒಂದು ಮಾತ್ರೆ, ಇನ್ನೊಂದಕ್ಕೆ ಕನಿಷ್ಠ 6 ಗಂಟೆ, ದಿನಕ್ಕೆ 4 ದಾಟಬಾರದು. ತೂಕ 50 ಕೆ.ಜಿ.ಗಿಂತ ಕಡಿಮೆಯಿದ್ದರೆ 500ರದ್ದೇ ಸಾಕು. ಎರಡು ದಿನ ಕಳೆದರೂ ಬೇಕೆನಿಸಿದರೆ ಡಾಕ್ಟರಿಗೆ ಹೇಳಿ. ಜೊತೆಗೆ ನೆಗಡಿ ಮಾತ್ರೆ ನುಂಗಿದರೆ ಲೆಕ್ಕ ತಪ್ಪುತ್ತೆ, ಅದರಲ್ಲೂ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಇರುತ್ತೆ.

ಎಕೋಸ್ಪ್ರಿನ್ ನೀವಾಗಿ ನಿಲ್ಲಿಸಬೇಡಿ! ಬಿಪಿ ಏರುವ ಸಂಭವ ಇದ್ದವರಿಗೆ ಅದನ್ನು ಬೇಕೆಂದೇ ಕೊಡ್ತಾರೆ. ತಲೆನೋವಿಗೆ ನುಂಗುವ ದೊಡ್ಡ ಡೋಸ್ ಆಸ್ಪಿರಿನ್ ಬೇರೆ ಮಾತು.

ಬೆಟ್ಟದಹೂ:
ಜೆಲ್ ಬಗ್ಗೆ ಯಾರೂ ಹೇಳಿಲ್ಲ. ಚರ್ಮದಿಂದ ರಕ್ತಕ್ಕೆ ಹೋಗೋದು ಮಾತ್ರೆಗಿಂತ ತೀರಾ ಕಡಿಮೆ, ಆದರೂ ಈ ತಿಂಗಳುಗಳಲ್ಲಿ ಬಿಡೋದೇ ಸರಿ. ಎಡವಟ್ಟು ಆಗೋದು ಹೀಗೆ: ಸೊಂಟದ ತುಂಬ ಹಚ್ಚಿ, ಮೇಲೆ ಬಿಸಿನೀರಿನ ಚೀಲ ಇಡ್ತಾರೆ. ಬಿಸಿಗೆ ಔಷಧಿ ಹೀರಿಕೊಳ್ಳೋದು ಹೆಚ್ಚುತ್ತೆ. ನೋವಿನ ಮುಲಾಮುಗಳಲ್ಲಿರೋ ಮೀಥೈಲ್ ಸ್ಯಾಲಿಸಿಲೇಟ್ ಕೂಡ ಆಸ್ಪಿರಿನ್‌ನ ನೆಂಟ. ಹಣೆಗೆ ಕಡಲೆಕಾಳಿನಷ್ಟು ಬಾಮ್ ಸವರೋದು ಬೇರೆ, ಬೆನ್ನಿಗೆಲ್ಲ ಬಳಿಯೋದು ಬೇರೆ.

ಸೊಂಟಕ್ಕೆ ಬರೀ ಬಿಸಿ ಶಾಖ ಕೊಡಿ. ಚೀಲ ಟವೆಲ್‌ನಲ್ಲಿ ಸುತ್ತಿ, 10–15 ನಿಮಿಷ, ಹೊಟ್ಟೆ ಮೇಲೆ ಬೇಡ. ಎಡಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟರೆ ರಾತ್ರಿ ನೋವಿಗೆ ಎಷ್ಟೋ ವಾಸಿ. ನೋವು ಅಲೆಅಲೆಯಾಗಿ ಬಿಟ್ಟುಬಿಟ್ಟು ಬರ್ತಿದ್ದರೆ ಮಾತ್ರ ಅದು ಸೊಂಟನೋವಲ್ಲ ಅಂದ್ಕೊಂಡು ಆಸ್ಪತ್ರೆಗೆ ಹೊರಡಿ.

ಮದ್ದಿನಡಬ್ಬಿ:
ತಲೆನೋವನ್ನ ನಾನು ಹಗುರ ಮಾಡಿಬಿಟ್ಟೆ. ಎಕೋಸ್ಪ್ರಿನ್ ಕೊಟ್ಟಿದ್ದಾರೆ ಅಂದ ಮೇಲೆ ಮಾತ್ರೆಗಿಂತ ಮೊದಲು ಬಿಪಿ ನೋಡಿಸಿ. 140/90 ಅಥವಾ ಹೆಚ್ಚಿದ್ದರೆ, ಕಣ್ಣು ಮಂಜಾಗಿ ಮಿಣಮಿಣ ಅಂದರೆ, ಪಕ್ಕೆಲುಬಿನ ಕೆಳಗೆ ಬಲಗಡೆ ನೋವಿದ್ದರೆ, ಮುಖ ಇದ್ದಕ್ಕಿದ್ದಂತೆ ಊದಿದ್ದರೆ ಡೋಲೊ ನುಂಗಿ ಕಾಯಬೇಡಿ, ಅವತ್ತೇ ಹೋಗಿ. ತಾಯಿ ಕಾರ್ಡ್ ಮರೀಬೇಡಿ, ಹಿಂದಿನ ಬಿಪಿ ಅದರಲ್ಲಿರುತ್ತೆ.

ತುಂಗಾತೀರ:
ಕಳೆದ ಭೇಟಿಯಲ್ಲಿ 118/76 ಇತ್ತು. ಇವತ್ತೇ ಮತ್ತೆ ನೋಡಿಸ್ತೀನಿ. ಆ ಸ್ಟ್ರಿಪ್ ಡಬ್ಬಿಯಿಂದ ತೆಗೆದಿಟ್ಟೆ.

ಬೆಟ್ಟದಹೂ:
ಡೋಲೊ ಸ್ಟ್ರಿಪ್ ಕತ್ತರಿಸುವಾಗ ಹೆಸರು, ಎಕ್ಸ್‌ಪೈರಿ ದಿನಾಂಕ ಇರೋ ತುದಿ ಉಳಿಸ್ಕೊಳ್ಳಿ. ಹೆಸರಿಲ್ಲದ ಬಿಳಿ ಮಾತ್ರೆ ಯಾವುದಿದ್ದರೂ ಕಸಕ್ಕೆ.