ಕಂಟೇನರ್ ಗೋಡೆ ಪೂರ್ತಿ ತೆಗೆಯಬಹುದಾ? ಮಾಡಿದವರು ಹೇಳಿ

ಪ್ರಶ್ನೆ:
ಹಳೆಯ 40 ಅಡಿ ಹೈ ಕ್ಯೂಬ್ (ಮಾಮೂಲಿಗಿಂತ ಎತ್ತರದ) ಹಡಗಿನ ಕಂಟೇನರ್ ಎರಡು ಸಿಕ್ಕಿವೆ. ಪಕ್ಕಪಕ್ಕ ಇಟ್ಟು, ನಡುವಿನ ಎರಡೂ ಗೋಡೆ ಕತ್ತರಿಸಿ ಒಂದೇ ದೊಡ್ಡ ವರ್ಕ್‌ಶಾಪ್ ಮಾಡುವ ಆಸೆ. ಮುಂದೆ 20 ಅಡಿಯ ಇನ್ನೊಂದನ್ನು ಇವುಗಳ ಮೇಲೆ ಅಡ್ಡಡ್ಡ ಕೂರಿಸಬೇಕು. “ಹಡಗಿನಲ್ಲಿ ಒಂಬತ್ತು ಪೇರಿಸ್ತಾರೆ, ನಿನ್ನದು ಒಂದೇ ತಾನೇ” ಅಂತಾರೆ ಗೆಳೆಯರು. ಹೌದಾ?

ಕಂಟೇನರ್ ರಿಪೇರಿ ಯಾರ್ಡ್‌ನಿಂದ:
ಒಂಬತ್ತು ಪೇರಿಸುವುದು ನಿಜ. ಆದರೆ ಆ ಭಾರ ಹೊರುವುದು ನಾಲ್ಕು ಮೂಲೆಯ ಕಂಬಗಳು ಮಾತ್ರ. ಮೇಲಿನ ಪೆಟ್ಟಿಗೆಯ ಕಾರ್ನರ್ ಕಾಸ್ಟಿಂಗ್ (ಮೂಲೆಯಲ್ಲಿರುವ ಗಟ್ಟಿ ಉಕ್ಕಿನ ತುಂಡು) ಕೆಳಗಿನದರ ಕಾಸ್ಟಿಂಗ್ ಮೇಲೆ ಸರಿಯಾಗಿ ಕೂರಬೇಕು. ಎರಡು 20 ಅಡಿಯವುಗಳ ಮೇಲೆ ಒಂದು 40 ಅಡಿ ಕೂರುತ್ತದಲ್ಲ, ಅದಕ್ಕೂ ಇದೇ ಲೆಕ್ಕ. 20 ಅಡಿಯದು ಪೂರ್ತಿ 20 ಅಡಿ ಇರುವುದಿಲ್ಲ, 6.058 ಮೀಟರ್ ಇರುತ್ತದೆ. ಎರಡರ ನಡುವೆ 76 ಮಿ.ಮೀ. ಸಂದು ಬಿಟ್ಟರೆ ಸರಿಯಾಗಿ 12.192 ಮೀಟರ್, ಅಂದರೆ 40 ಅಡಿ.

ನೀವು ಅಡ್ಡ ಇಟ್ಟರೆ ಆ ಮೂಲೆಗಳು ಎಲ್ಲಿ ಬೀಳುತ್ತವೆ ನೋಡಿ. ಕೆಲವು ಮೇಲಿನ ರೈಲ್ (ಗೋಡೆಯ ಮೇಲಂಚಿನ ಉದ್ದದ ಪಟ್ಟಿ) ಮೇಲೆ, ಕೆಲವು ಬರೀ ಗಾಳಿಯಲ್ಲಿ. ಆ ರೈಲ್ ಸುಮಾರು 60 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಟ್ಯೂಬ್, ಅಷ್ಟೇ. ನಮ್ಮಲ್ಲಿ ತಪಾಸಣೆ ಮಾಡುವಾಗ ಗೋಡೆಯ ತಗಡು ಒಳಗೆ ಹೋಗಿದ್ದರೆ ಒಂದು ಮಟ್ಟಕ್ಕೆ ಬಿಟ್ಟುಬಿಡುತ್ತೇವೆ. ರೈಲ್ ನಗ್ಗಿದ್ದರೆ ಮಾತ್ರ ಸುಲಭಕ್ಕೆ ಬಿಡುವುದಿಲ್ಲ.

ಸ್ಟ್ರಕ್ಚರಲ್ ಎಂಜಿನಿಯರ್:
ಮೇಲಿನವರು ಹೇಳಿದ್ದು ಸರಿ. ಗೋಡೆಯ ವಿಷಯ ನಾನು ಹೇಳುತ್ತೇನೆ, ಅದೇ ಇಲ್ಲಿ ದೊಡ್ಡ ಸಮಸ್ಯೆ.

ಸಿಎಸ್‌ಸಿ ಪ್ಲೇಟ್ (ಕಂಟೇನರ್ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದಂತೆ ಬಾಗಿಲಿಗೆ ಹಾಕುವ ಫಲಕ) ಮೇಲೆ ಪೇರಿಸುವ ಭಾರ 1,92,000 ಕೆ.ಜಿ. ಅಂತ ಬಹಳ ಕಡೆ ಇರುತ್ತದೆ. ಮೇಲೆ ಎಂಟು ಪೆಟ್ಟಿಗೆ, ಒಂದೊಂದು 24 ಟನ್. ಹಡಗು ಏಳುಬೀಳು ಆಡುವುದಕ್ಕೆ 1.8 ಪಟ್ಟು ಹಿಡಿದು ಪರೀಕ್ಷೆ ಮಾಡುತ್ತಾರೆ. ಒಂದೊಂದು ಕಂಬಕ್ಕೆ 86,400 ಕೆ.ಜಿ. ಬೀಳುತ್ತದೆ. ಅದೇ ಪರೀಕ್ಷೆಗಳಲ್ಲಿ ಛಾವಣಿಗೆ ಎಷ್ಟು ಗೊತ್ತಾ? 600×300 ಮಿ.ಮೀ. ಜಾಗದಲ್ಲಿ 300 ಕೆ.ಜಿ. ಮೇಲೆ ಹತ್ತಿ ಕೆಲಸ ಮಾಡುವ ಒಬ್ಬಿಬ್ಬರನ್ನು ಹೊತ್ತರೆ ಸಾಕು ಅಂತ.

ಈಗ ಗೋಡೆ. ತಗಡು 2 ಮಿ.ಮೀ. ಅಥವಾ ಅದಕ್ಕೂ ಕಮ್ಮಿ, ಆದರೆ ಮಡಿಕೆ ಮಡಿಕೆಯಾಗಿ ಬಗ್ಗಿಸಿ ಮೇಲಿನ, ಕೆಳಗಿನ ರೈಲ್‌ಗಳಿಗೆ ಉದ್ದಕ್ಕೂ ವೆಲ್ಡ್ ಮಾಡಿರುತ್ತಾರೆ. ಮೂರೂ ಸೇರಿ ಹತ್ತಿರ ಹತ್ತಿರ 2.9 ಮೀಟರ್ ಎತ್ತರದ ಒಂದೇ ತೊಲೆ. ಅದಕ್ಕೇ ನಡುವೆ ಆಸರೆ ಇಲ್ಲದೆ 12 ಮೀಟರ್ ನೆಟ್ಟಗೆ ನಿಲ್ಲುತ್ತದೆ. ಗೋಡೆ ತೆಗೆದರೆ ಉಳಿಯುವುದು ಆ 60 ಮಿ.ಮೀ. ಟ್ಯೂಬ್. ಸಾಮಾನ್ಯವಾಗಿ ಉಕ್ಕಿನ ತೊಲೆಗೆ ಉದ್ದದ ಇಪ್ಪತ್ತರಲ್ಲಿ ಒಂದು ಭಾಗ ಆಳ ಬೇಕು ಅಂತ ಮೊದಲ ಅಂದಾಜು ಹಾಕುತ್ತೇವೆ, ಅಂದರೆ ಇಲ್ಲಿ 600 ಮಿ.ಮೀ. ನಡುವೆ ಎರಡು ಕಂಬ ಕೊಟ್ಟರೆ ತೊಲೆ ಬಹಳ ಸಣ್ಣದಾಗುತ್ತದೆ. ಪೂರ್ತಿ ಬಯಲು ಮಾಡುವ ಹಟ ಬಿಡಿ ಅಂತಲೇ ನನ್ನ ಸಲಹೆ. ಆ ಕಂಬಗಳ ಕೆಳಗೆ ಪಾಯವೂ ಬೇಕು. ಇನ್ನೊಂದು, ಗಾಳಿ ಪೆಟ್ಟಿಗೆಯನ್ನು ಉದ್ದಕ್ಕೆ ತಳ್ಳಿದಾಗ ಓರೆಯಾಗದಂತೆ ತಡೆಯುವುದೂ ಈ ಗೋಡೆಯೇ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡು ಕಂಟೇನರ್ ಸೇರಿಸಿ ಕೆಲಸದ ಜಾಗ ಮಾಡಿಕೊಂಡವರು:
ನಾವು ಪೂರ್ತಿ ಕತ್ತರಿಸಲಿಲ್ಲ. 3 ಮೀಟರ್ ಅಗಲದ ಎರಡು ಬಾಗಿಲಷ್ಟೇ, ನಡುವೆ ಗೋಡೆ ಉಳಿಸಿದ್ದೇವೆ. ನಿಜ ಹೇಳಬೇಕೆಂದರೆ ಯಂತ್ರ ಇಡಲು, ಸಾಮಾನು ತೂಗುಹಾಕಲು ಆ ಗೋಡೆಯೇ ಜಾಸ್ತಿ ಉಪಯೋಗಕ್ಕೆ ಬಂತು. ನಮ್ಮ ವೆಲ್ಡರ್ ಮೊದಲು ಬಾಗಿಲಿನ ಸುತ್ತ ಚೌಕಟ್ಟು ವೆಲ್ಡ್ ಮಾಡಿ, ಆಮೇಲೆ ತಗಡು ಕತ್ತರಿಸಿದರು. ಮೊದಲೇ ಕತ್ತರಿಸಿದರೆ ರೈಲ್ ಬಗ್ಗಿಬಿಡುತ್ತದೆ, ಬಗ್ಗಿದ ಮೇಲೆ ಚೌಕಟ್ಟು ಕೂರಿಸಿದರೆ ಆ ಬಾಗು ಹಾಗೇ ಉಳಿಯುತ್ತದೆ ಅಂದರು.

ಎರಡರ ನಡುವಿನ ಸಂದಿನ ಮೇಲೆ ತಗಡಿನ ಮುಚ್ಚಿಗೆ ಹಾಕಿ. ಬರೀ ಸೀಲಂಟ್ ನಂಬಬೇಡಿ. ಬಿಸಿಲಿಗೆ ಉಕ್ಕು ಹಿಗ್ಗಿ ಕುಗ್ಗಿ ಅದು ಬಿಟ್ಟುಕೊಳ್ಳುತ್ತದೆ.

ಅಂದಹಾಗೆ, ನೆಲದ 28 ಮಿ.ಮೀ. ಪ್ಲೈವುಡ್‌ಗೆ ಹುಳು ಹಿಡಿಯದಿರಲು ಔಷಧಿ ಹಾಕಿರುತ್ತಾರೆ. ಯಾವುದು ಅಂತ ಬಾಗಿಲ ಮೇಲಿನ ಪ್ಲೇಟ್‌ನಲ್ಲೇ ಇರುತ್ತದೆ. ಓದಿಯೇ ಗರಗಸ ಹಿಡಿಯಿರಿ.

ಕೇಳಿದವರು:
ಸರಿ, ಎರಡು ಬಾಗಿಲು ಮಾಡುತ್ತೇನೆ. ಅಡ್ಡ ಇಡುವ ಆಸೆಯೂ ಬಿಟ್ಟೆ. ಹಾಗಾದರೆ ಛಾವಣಿ ಮೇಲೆ ಒಂದಡಿ ಮಣ್ಣು ಹಾಕಿ ಗಿಡ ಬೆಳೆಸಬಹುದಾ? ಒಳಗೆ ತಂಪಾಗಿರುತ್ತಲ್ವಾ?

ಸ್ಟ್ರಕ್ಚರಲ್ ಎಂಜಿನಿಯರ್:
ಬೇಡ ಸ್ವಾಮಿ. ನೀರು ಕುಡಿದ ಒಂದಡಿ ಮಣ್ಣು ಚದರ ಮೀಟರ್‌ಗೆ ಅರ್ಧ ಟನ್ ದಾಟುತ್ತದೆ. ನಿಮ್ಮ ಒಂದೊಂದು ಛಾವಣಿಯೂ ಹತ್ತಿರ ಹತ್ತಿರ 30 ಚದರ ಮೀಟರ್. ತಂಪು ಬೇಕಿದ್ದರೆ ಮೇಲೆ ಬೇರೆ ಶೀಟ್ ಛಾವಣಿ ಎತ್ತರಿಸಿ ಹಾಕಿ, ಅದರ ಕಾಲುಗಳು ಮೂಲೆಯ ಕಾಸ್ಟಿಂಗ್ ಮೇಲೆ ಬರಲಿ.

ರಿಪೇರಿ ಯಾರ್ಡ್‌ನಿಂದ ಮತ್ತೊಂದು:
ಕೂರಿಸುವಾಗ ನಾಲ್ಕು ಮೂಲೆಯೂ ಒಂದೇ ಮಟ್ಟದಲ್ಲಿರಲಿ. ಒಂದು ಮೂಲೆ ತಗ್ಗಾದರೂ ಬಾಗಿಲ ಕಡೆಯ ಚೌಕಟ್ಟು ಓರೆಯಾಗುತ್ತದೆ, ಬಾಗಿಲು ಹಾಕಲು ಬರುವುದಿಲ್ಲ. ಆಗ ಬಾಗಿಲಿಗೆ ಸುತ್ತಿಗೆ ಹಿಡಿಯಬೇಡಿ. ತಗ್ಗಿದ ಮೂಲೆಗೆ ಜ್ಯಾಕ್ ಕೊಟ್ಟು ಉಕ್ಕಿನ ಪ್ಲೇಟ್ ತೂರಿಸಿ. ಕತ್ತರಿಸುವ ಕೆಲಸಕ್ಕೆ ಕೈ ಹಾಕುವ ಮುಂಚೆಯೇ ಇದು ಮುಗಿದಿರಲಿ.